ಮೂರನೇ ಸ್ಟೇಜ್ ಅಂದ್ರೆ ಎಂತ?

ಕಳೆದ ಸಲ ಇದೇ ಅಂಕಣದಲ್ಲಿ, ಊರಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನನ್ನಂಥವರ ಕರೆಂಟು, ನೆಟ್‌ವರ್ಕಿನ ಪರದಾಟ ಬರೆದಿದ್ದೆ. ಸುಮಾರು ಜನ 'ನಮ್ಮನೆ ಕಥೆನೇ' ಅಂದ್ರು. ಈ ಸಲದ್ದು ನಗುವ ಕಥೆ ಅಲ್ಲ. ಆದರೂ ಬರೆಯಬೇಕು ಅನ್ನಿಸಿ ಎರಡು ವರ್ಷದಿಂದ ಕಾದಿದ್ದೆ. ದೊಡ್ಡಪ್ಪನೇ 'ಬರಿ, ಹೆಸರೊಂದು ಹಾಕಡ' ಅಂದಮೇಲೆ ಬರೀತಿದ್ದೇನೆ.

ನಾವಿರೋದು ಶಿರಸಿಯಲ್ಲಿ. ದೊಡ್ಡಪ್ಪನ ಮನೆ, ತೋಟ ಸಿದ್ದಾಪುರ ತಾಲ್ಲೂಕಿನಲ್ಲಿ. ಅತ್ತೆಯನ್ನು ಕೊಟ್ಟಿದ್ದು ಯಲ್ಲಾಪುರಕ್ಕೆ. 2023ರ ಡಿಸೆಂಬರ್ ಮೊದಲ ವಾರ, ಒಂದು ಮೀಟಿಂಗ್ ಮಧ್ಯೆ ದೊಡ್ಡಾಯಿಯ ಫೋನ್ ಬಂತು. ಆಕೆ ಸುಮ್ಮಸುಮ್ಮನೆ ಹಗಲು ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ.

'ತಮಾ, ಮೂರ್ನೇ ಸ್ಟೇಜಡ. ಇನ್ನೊಂದೇ ಬಾಕಿ ಅಲ್ದಾ?'

ಆ ಕ್ಷಣಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ಸ್ಟೇಜಿಂಗ್ ಅಂದ್ರೆ ಸಾಫ್ಟ್‌ವೇರನ್ನು ಗ್ರಾಹಕರಿಗೆ ಬಿಡುವ ಮೊದಲು ಓಡಿಸಿ ನೋಡುವ ಸರ್ವರ್. ದೊಡ್ಡಪ್ಪನಿಗೆ ಸ್ಟೇಜ್ ಅಂದ್ರೆ ಆಟ ಕಟ್ಟುವ ಜಾಗ. ಇಬ್ಬರಿಗೂ ಆ ಶಬ್ದದ ಮೂರನೇ ಅರ್ಥ ಕಲಿಯುವ ಕಾಲ ಬಂದಿತ್ತು.

ಮೂಲವ್ಯಾಧಿ ಅಂದುಕೊಂಡ ಎಂಟು ತಿಂಗಳು

ಮೊದಲಿಂದ ಹೇಳುತ್ತೇನೆ. ಆ ವರ್ಷ ಯುಗಾದಿಯ ಹೊತ್ತಿಗೇ ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಕಾಣಿಸುತ್ತಿತ್ತು. ವಯಸ್ಸು 63. ಯಾರಿಗೆ ಹೇಳಿದರೂ ಒಂದೇ ಉತ್ತರ: ಮೂಲವ್ಯಾಧಿ, ಉಷ್ಣ. ಮುರುಗಲು ಸಾರು, ಸುವರ್ಣಗಡ್ಡೆ ಪಲ್ಯ, ದಿನಾ ಮಜ್ಜಿಗೆ, ಮುಟ್ಟಿದರೆ ಮುನಿಯ ಕಷಾಯ, ಎಲ್ಲಾ ಆಯಿತು. ಖಾರ ಬಿಟ್ಟಾಗ ಎರಡು ವಾರ ರಕ್ತ ನಿಂತಿತ್ತು ಕೂಡ. ನಿಂತಿದ್ದೇ ದೊಡ್ಡ ಮೋಸ ಆಗಿದ್ದು. ಕರುಳಿನ ಗಡ್ಡೆ ದಿನಾ ರಕ್ತ ಬಿಡಬೇಕೆಂದೇನೂ ಇಲ್ಲ, ಬಿಟ್ಟು ಬಿಟ್ಟು ಬರಬಹುದು ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ಧೈರ್ಯವೂ ನಮ್ಮ ಮನೆಗಳಲ್ಲಿದೆ. 'ನಾವು ಮಾಂಸ ತಿನ್ನೋರಲ್ಲ, ಕುಡಿಯೋರಲ್ಲ, ಕರುಳಿಗೆ ಎಂತಾ ಆಗ್ತು?' ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕರುಳಿನ ಕ್ಯಾನ್ಸರಿಗೆ ಕಾರಣ ಅಂತ ಪಟ್ಟಿ ಮಾಡಿದ್ದು ನಿಜ. ಆದರೆ ಅದು ಅಪಾಯಗಳಲ್ಲಿ ಒಂದು ಅಷ್ಟೇ. ವಯಸ್ಸು, ಮನೆತನ, ಬೊಜ್ಜು, ಕೂತಲ್ಲೇ ಕೂರುವುದು, ತಂಬಾಕು ಇವೂ ಇವೆ. ಏನೂ ಇಲ್ಲದವರಿಗೂ ಬರುತ್ತದೆ. ದೊಡ್ಡಪ್ಪ ಜೀವನದಲ್ಲಿ ಮೊಟ್ಟೆ ಮುಟ್ಟಿದವನಲ್ಲ.

ಅಕ್ಟೋಬರಿನಲ್ಲಿ ತೋಟಕ್ಕೆ ಹೋದವನು ಏರು ಹತ್ತಲಾಗದೆ ಕೂತ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8. ಕೊಲೊನೊಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಎಡಭಾಗದಲ್ಲಿ, ಗುದನಾಳಕ್ಕಿಂತ ಸ್ವಲ್ಪ ಮೇಲೆ, ಗಡ್ಡೆ. ನವೆಂಬರ್ ಮೊದಲಲ್ಲಿ ಊರಿಂದ ಕೆಲವು ತಾಸಿನ ದಾರಿಯ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಗಡ್ಡೆಯಿದ್ದ ಕರುಳಿನ ತುಂಡು ತೆಗೆದು ಎರಡು ತುದಿ ಜೋಡಿಸಿದರು. ಹತ್ತೇ ದಿನಕ್ಕೆ ಮನೆಗೆ ಬಂದ. ಬಯಾಪ್ಸಿ ವರದಿಯೂ ಬಂತು. 'ಎರಡನೇ ಸ್ಟೇಜು, ಪೂರ್ತಿ ತೆಗೆದಿದ್ದೇವೆ, ಇನ್ನೇನೂ ಬೇಡ' ಅಂದರು. ದೊಡ್ಡಾಯಿ ಹಾಲುಪಾಯಸ ಮಾಡಿದಳು.

ಮೂರು ಅಕ್ಷರದ ಲೆಕ್ಕ

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ತಜ್ಞರೊಬ್ಬರಿಗೆ ಒಮ್ಮೆ ತೋರಿಸಿಬಿಡೋಣ ಅಂತ ಹೇಳಿದ್ದು ಯಲ್ಲಾಪುರದ ಅತ್ತೆ. 'ಸುಮ್ನೆ ಯಾಕೆ ದುಡ್ಡು' ಅಂತ ದೊಡ್ಡಪ್ಪನ ತಕರಾರು. ಅತ್ತೆಯ ಬಾಯಿಗೆ ಹೆದರಿ ಹೊರಟ. ನಾನೇ ಗಾಡಿ ಓಡಿಸಿದ್ದು.

ಆ ಡಾಕ್ಟರ್ ವರದಿಯ ಕೊನೆಯ ಸಾಲಿಗೆ ಬೆರಳಿಟ್ಟರು. ಪಿಟಿ3, ಎನ್0. ಅದರ ಕೆಳಗೆ: ಪರೀಕ್ಷಿಸಿದ ದುಗ್ಧಗ್ರಂಥಿಗಳು ಆರು, ಆರರಲ್ಲೂ ಕ್ಯಾನ್ಸರ್ ಇಲ್ಲ.

'ಆರು ಸಾಲದು' ಅಂದರು. 'ಕಡಿಮೆ ಅಂದ್ರೂ 12 ನೋಡಬೇಕು. ತೆಗೆದ ಕರುಳಿನ ತುಂಡು ಲ್ಯಾಬಿನಲ್ಲಿ ಇನ್ನೂ ಇದೆಯಾ ಕೇಳಿ, ಬೇಗ.'

ಅವರು ಬಿಡಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡಿದ್ದನ್ನು ಸೇರಿಸಿ ಹೇಳುತ್ತೇನೆ.

ಕರುಳಿನ ಕ್ಯಾನ್ಸರಿಗೆ ಹಂತ ಹಾಕುವ ಕೆಲಸ ಹಳೆಯದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ಎಂಬ ರೋಗಶಾಸ್ತ್ರಜ್ಞ 1932ರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು ಮಾಡಿದ. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ದುಗ್ಧಗ್ರಂಥಿಗೆ ಹೋಗಿದ್ದರೆ ಸಿ. ಈಗಲೂ ಕೆಲವು ವರದಿಗಳಲ್ಲಿ ಡ್ಯೂಕ್ಸ್ ಹೆಸರು ಕಾಣುತ್ತದೆ. ಆಮೇಲೆ 1940ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಡೆನ್ವಾ ಎಂಬ ಸರ್ಜನ್ ಎಲ್ಲ ಕ್ಯಾನ್ಸರಿಗೂ ಹೊಂದುವ ಟಿ, ಎನ್, ಎಂ ಪದ್ಧತಿ ಶುರುಮಾಡಿದ. ಇವತ್ತು ಜಗತ್ತು ಬಳಸುವುದು ಅದರ ಪರಿಷ್ಕೃತ ರೂಪ. ನಮ್ಮ ಸಾಫ್ಟ್‌ವೇರ್ ಥರ ಅದಕ್ಕೂ ಆವೃತ್ತಿಗಳಿವೆ. ದೊಡ್ಡಪ್ಪನ ವರದಿ 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯದ್ದು.

ಟಿ ಅಂದ್ರೆ ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದು. ಗಮನಿಸಿ, ಎಷ್ಟು ದೊಡ್ಡದಿದೆ ಅನ್ನುವುದಲ್ಲ. ಕರುಳಿನ ಗೋಡೆಗೆ ಪದರಗಳಿವೆ. ಒಳಪೊರೆಯ ಕೆಳಗಿನ ಪದರಕ್ಕೆ ಇಳಿದಿದ್ದರೆ ಟಿ1, ಸ್ನಾಯುವಿನ ಪದರಕ್ಕೆ ತಾಗಿದರೆ ಟಿ2, ಸ್ನಾಯು ದಾಟಿ ಹೊರಗಿನ ಕೊಬ್ಬಿಗೆ ಬಂದರೆ ಟಿ3, ಹೊರಗಿನ ಹೊದಿಕೆಯನ್ನೇ ತೂರಿದರೆ ಅಥವಾ ಪಕ್ಕದ ಅಂಗಕ್ಕೆ ಅಂಟಿದರೆ ಟಿ4.

ಎನ್ ಅಂದ್ರೆ ದುಗ್ಧಗ್ರಂಥಿ. ಕರುಳಿನ ಸುತ್ತಲಿನ ಕೊಬ್ಬಿನಲ್ಲಿ ಅಕ್ಕಿಕಾಳು, ಅವರೆಕಾಳಿನಂತೆ ಹುದುಗಿರುತ್ತವೆ. ಒಂದರಲ್ಲೂ ಕ್ಯಾನ್ಸರ್ ಇಲ್ಲದಿದ್ದರೆ ಎನ್0, ಒಂದರಿಂದ ಮೂರರಲ್ಲಿ ಇದ್ದರೆ ಎನ್1, ನಾಲ್ಕು ಅಥವಾ ಹೆಚ್ಚಾದರೆ ಎನ್2.

ಎಂ ಅಂದ್ರೆ ದೂರಕ್ಕೆ ಹೋಗಿದೆಯಾ ಅನ್ನುವುದು. ಪಿತ್ತಕೋಶ, ಶ್ವಾಸಕೋಶ, ಹೊಟ್ಟೆಯೊಳಗಿನ ಪೊರೆ. ಹೋಗಿದ್ದರೆ ಎಂ1.

ಈ ಮೂರನ್ನೂ ಕೂಡಿಸಿದಾಗ ಸ್ಟೇಜ್ ಸಿಗುತ್ತದೆ. ಟಿ1, ಟಿ2 ಇದ್ದು ಗ್ರಂಥಿ ಶುದ್ಧವಿದ್ದರೆ ಒಂದನೇ ಸ್ಟೇಜ್. ಟಿ3, ಟಿ4 ಇದ್ದೂ ಗ್ರಂಥಿ ಶುದ್ಧವಿದ್ದರೆ ಎರಡು. ಟಿ ಎಷ್ಟೇ ಇರಲಿ, ಗ್ರಂಥಿಗೆ ಬಂದಿದ್ದರೆ ಮೂರು. ದೂರದ ಅಂಗಕ್ಕೆ ಹೋಗಿದ್ದರೆ ನಾಲ್ಕು. ಅಕ್ಷರದ ಹಿಂದೆ 'ಪಿ' ಅಂತಿದ್ದರೆ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದು, 'ಸಿ' ಅಂತಿದ್ದರೆ ಸ್ಕ್ಯಾನು, ತಪಾಸಣೆಯಿಂದ ಅಂದಾಜಿಸಿದ್ದು.

ಈಗ ಆರರ ವಿಷಯ. ಗ್ರಂಥಿಗಳನ್ನು ಕೊಬ್ಬಿನೊಳಗಿಂದ ಕೈಯಲ್ಲಿ ಮುಟ್ಟಿ ಮುಟ್ಟಿ ಹುಡುಕಬೇಕು. ಆರೇ ಸಿಕ್ಕು ಆರೂ ಶುದ್ಧ ಅಂದರೆ, ನಿಜವಾಗಿ ಶುದ್ಧವೋ ಅಥವಾ ಕೆಟ್ಟದ್ದು ಕೈಗೆ ಸಿಕ್ಕಿಲ್ಲವೋ ಗೊತ್ತಾಗುವುದಿಲ್ಲ. ಆರು ಟೆಸ್ಟ್ ಓಡಿಸಿ 'ಬಗ್ ಇಲ್ಲ' ಅಂತ ಸಹಿ ಹಾಕಿದ ಹಾಗೆ. ನಾನು ಅಂಥದ್ದು ಮಾಡಿ ಮ್ಯಾನೇಜರ್ ಹತ್ತಿರ ಬೈಸಿಕೊಂಡಿದ್ದೇನೆ, ಹಾಗಾಗಿ ಕೂಡಲೇ ಅರ್ಥವಾಯಿತು. ಇಲ್ಲಿ ಬೈಸಿಕೊಳ್ಳುವುದಲ್ಲ, ಜೀವದ ಪ್ರಶ್ನೆ.

ಪುಣ್ಯಕ್ಕೆ ಲ್ಯಾಬಿನವರು ತುಂಡನ್ನು ಇನ್ನೂ ಎಸೆದಿರಲಿಲ್ಲ. ಕೆಲವು ವಾರ ಫಾರ್ಮಲಿನ್‌ನಲ್ಲಿ ಇಡುತ್ತಾರಂತೆ. ಮತ್ತೆ ಹುಡುಕಿದರು. ಒಟ್ಟು 15 ಗ್ರಂಥಿ ಸಿಕ್ಕವು. ಹೊಸದಾಗಿ ಸಿಕ್ಕ ಒಂಬತ್ತರಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು.

ಪಿಟಿ3, ಎನ್1. ಎರಡನೇ ಸ್ಟೇಜು ಮೂರನೆಯದಾಯಿತು. ರೋಗ ಒಂದಿಂಚೂ ಮುಂದೆ ಹೋಗಿರಲಿಲ್ಲ, ನಮಗೆ ಗೊತ್ತಾಗಿದ್ದು ಮಾತ್ರ ಬದಲಾಗಿತ್ತು. ದೊಡ್ಡಾಯಿಯ ಫೋನ್ ಬಂದಿದ್ದು ಆ ದಿನ.

ಸ್ಟೇಜಿನ ಉಪಯೋಗ ಎಂತ?

ಮೂರು ಅಂದ ಕೂಡಲೇ ಮನೆಯಲ್ಲಿ ಸೂತಕದ ಥರ ಆಯಿತು. ಯಾರೋ ಚಕ್ಕೆ ಔಷಧಿ ಕೊಡುತ್ತಾರೆ ಅಂದರು, ಇನ್ಯಾರೋ 'ಇನ್ನು ಯಾಕೆ ಹಿಂಸೆ ಕೊಡ್ತಿ' ಅಂದರು. ನಮ್ಮ ಕಡೆ ಸ್ಟೇಜ್ ಅನ್ನುವುದನ್ನು ಬಸ್ಸಿನ ಸ್ಟಾಪಿನ ಹಾಗೆ ತಿಳಿದಿದ್ದೇವೆ. ಮೂರು ಆದ್ಮೇಲೆ ನಾಲ್ಕು, ನಾಲ್ಕು ಆದ್ಮೇಲೆ ಇಳಿಯುವುದು. ಹಾಗಲ್ಲ. ಸ್ಟೇಜ್ ಇರುವುದು ಮುಖ್ಯವಾಗಿ ಮುಂದೇನು ಮಾಡಬೇಕು ಅಂತ ತೀರ್ಮಾನಿಸುವುದಕ್ಕೆ.

ಒಂದನೇ ಸ್ಟೇಜಿಗೆ ಆಪರೇಶನ್ ಸಾಕು. ಎರಡನೆಯದರಲ್ಲಿ ಹೆಚ್ಚಿನವರಿಗೆ ಆಪರೇಶನ್ನೇ ಸಾಕು. ಆದರೆ ಗಡ್ಡೆ ಟಿ4 ಆಗಿದ್ದರೆ, ಕರುಳು ಕಟ್ಟಿಕೊಂಡು ಅಥವಾ ತೂತಾಗಿ ಬಂದಿದ್ದರೆ, 12ಕ್ಕಿಂತ ಕಡಿಮೆ ಗ್ರಂಥಿ ನೋಡಿದ್ದರೆ ಕೀಮೋ ಕೊಡುವ ಬಗ್ಗೆ ಯೋಚಿಸುತ್ತಾರೆ. ಎಂಎಂಆರ್ ಅಂತ ಒಂದು ಪರೀಕ್ಷೆಯನ್ನೂ ಮಾಡಿಸಿ ನೋಡುತ್ತಾರೆ. ಮೂರನೇ ಸ್ಟೇಜಿನಲ್ಲಿ ಆಪರೇಶನ್ ಆದಮೇಲೆ ಕೀಮೋ ಕೊಡುವುದೇ ಕ್ರಮ, ದೇಹ ತಡೆಯುವಂತಿದ್ದರೆ. ಗುಣ ಮಾಡುವ ಉದ್ದೇಶದಿಂದಲೇ ಕೊಡುವುದು. ನಾಲ್ಕನೆಯದರಲ್ಲೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಪಿತ್ತಕೋಶದಲ್ಲಿ ಕೆಲವೇ ಗಂಟುಗಳಿದ್ದರೆ ಅವನ್ನೂ ಆಪರೇಶನ್ ಮಾಡಿ ತೆಗೆದು ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ಉಳಿದವರಿಗೆ ಆಯುಷ್ಯ ಹೆಚ್ಚಿಸುವ, ನೋವು ಕಡಿಮೆ ಮಾಡುವ ಔಷಧಿಗಳಿವೆ.

ಇದು ದೊಡ್ಡ ಕರುಳಿನ ಮಾತು. ಗಡ್ಡೆ ಗುದನಾಳದಲ್ಲಿದ್ದರೆ ದಾರಿ ಬೇರೆ. ಜಾಗ ಇಕ್ಕಟ್ಟು, ಸುತ್ತಲೂ ಮೂತ್ರಕೋಶ, ನರಗಳು. ಅಲ್ಲಿ ಮೊದಲು ಎಂಆರ್‌ಐ ಮಾಡಿ ಸ್ಟೇಜ್ ನೋಡುತ್ತಾರೆ. ಗೋಡೆ ದಾಟಿದ್ದರೆ ಅಥವಾ ಗ್ರಂಥಿಗೆ ಬಂದಿದ್ದರೆ ಹೆಚ್ಚಾಗಿ ಆಪರೇಶನ್ನಿಗೆ ಮೊದಲೇ ರೇಡಿಯೇಶನ್, ಕೀಮೋ ಕೊಡುತ್ತಾರೆ. ಕೆಲವರಲ್ಲಿ ಅಷ್ಟರಿಂದಲೇ ಗಡ್ಡೆ ಪೂರ್ತಿ ಕರಗುತ್ತದೆ. ಅಂಥವರಿಗೆ ಆಪರೇಶನ್ ಮಾಡದೆ ಕಣ್ಣಿಟ್ಟು ಕಾಯಬಹುದು ಅಂತ ಬ್ರೆಜಿಲ್‌ನ ಸರ್ಜನ್ ಏಂಜೆಲಿಟಾ ಹಾಬರ್-ಗಾಮಾ ತೋರಿಸಿಕೊಟ್ಟರು. ಹಾಗಾಗಿ ಗುದನಾಳದ ಗಡ್ಡೆ ಅಂದ ಕೂಡಲೇ ಅವಸರದಲ್ಲಿ ಆಪರೇಶನ್ ಟೇಬಲ್ ಹತ್ತುವ ಮೊದಲು ಎಂಆರ್‌ಐ ಆಗಿದೆಯಾ ಕೇಳಿ. ನಮ್ಮ ದೇಶದಲ್ಲಿ ಈ ಜಾಗದ ಕ್ಯಾನ್ಸರ್ ಬಹಳ ಜನರಲ್ಲಿ, ಚಿಕ್ಕ ವಯಸ್ಸಿನವರಲ್ಲೂ ಕಾಣುತ್ತದೆ.

ಇನ್ನು ಎಲ್ಲರೂ ಕೇಳಲು ಹೆದರುವ ಪ್ರಶ್ನೆ. ಉಳಿಯುತ್ತಾರಾ? ಅಮೆರಿಕದ ಅಂಕಿಅಂಶದಲ್ಲಿ, ರೋಗ ಕರುಳಿನಲ್ಲೇ ಇದ್ದಾಗ ಪತ್ತೆಯಾದರೆ ಐದು ವರ್ಷದ ನಂತರವೂ ಬದುಕಿರುವವರು ನೂರಕ್ಕೆ ಸುಮಾರು 90. ಗ್ರಂಥಿಗೆ ಅಥವಾ ಅಕ್ಕಪಕ್ಕಕ್ಕೆ ಬಂದಿದ್ದರೆ 70ಕ್ಕೂ ಮೇಲೆ. ದೂರಕ್ಕೆ ಹೋಗಿದ್ದರೆ 15ರ ಆಸುಪಾಸು. 'ಐದು ವರ್ಷ' ಅಂದ್ರೆ ಐದೇ ವರ್ಷ ಬದುಕುತ್ತಾರೆ ಅಂತಲ್ಲ, ಅಲ್ಲಿಯವರೆಗೆ ಲೆಕ್ಕ ಇಡುತ್ತಾರೆ ಅಷ್ಟೇ. ಮೂರನೇ ಸ್ಟೇಜಿನೊಳಗೂ ಎ, ಬಿ, ಸಿ ಇದೆ. ಮೂರರ ಎ ಆದವರು ಎರಡರ ಬಿ, ಸಿ ಆದವರಿಗಿಂತ ಚೆನ್ನಾಗಿರುವುದು ಕಂಡುಬಂದಿದೆ. ಮೂರರವರಿಗೆ ಕೀಮೋ ಸಿಗುತ್ತದೆ ಅನ್ನುವುದೂ ಅದಕ್ಕೆ ಒಂದು ಕಾರಣ.

ಇದರ ಇನ್ನೊಂದು ಮುಖವೂ ಇದೆ. ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ಚಾಡ್ವಿಕ್ ಬೋಸ್ಮನ್‌ಗೆ 2016ರಲ್ಲಿ ಮೂರನೇ ಸ್ಟೇಜ್ ಅಂತ ಗೊತ್ತಾಗಿತ್ತು. ಆಮೇಲೆ ನಾಲ್ಕಕ್ಕೆ ಹೋಗಿ 2020ರಲ್ಲಿ ತೀರಿಕೊಂಡ, ವಯಸ್ಸು ಬರೀ 43. ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಬೇರೆ ಒಂದು ಭಯಂಕರ ಕ್ಯಾನ್ಸರ್ ಬಂದಾಗ ಅದರ ಸರಾಸರಿ ಲೆಕ್ಕ ಎಂಟು ತಿಂಗಳಿತ್ತು, ಆತ 20 ವರ್ಷ ಬದುಕಿದ. ಸ್ಟೇಜಿನ ಅಂಕಿ ಸಾವಿರ ಜನರ ಬಗ್ಗೆ ಹೇಳುತ್ತದೆ. ದೊಡ್ಡಪ್ಪ ಅವರಲ್ಲಿ ಯಾರು ಅಂತ ಹೇಳುವುದಿಲ್ಲ.

ಕೊನೆ ಕೊಯ್ಲೂ ಕೀಮೋವೂ

ಇಷ್ಟೆಲ್ಲ ವಿವರಿಸಿದರೂ ದೊಡ್ಡಪ್ಪ ಒಪ್ಪಲಿಲ್ಲ. 'ಆಪರೇಶನ್ ಆತು, ತೆಗದಾತು. ಸ್ಕ್ಯಾನಲ್ಲಿ ಎಂತಾ ಇಲ್ಲೆ. ಇಲ್ದೇ ಇದ್ದಿದ್ದಕ್ಕೆ ಎಂತಕ್ಕೆ ಔಷಧಿ?' ಅದು ಅಡಿಕೆ ಕೊಯ್ಲಿನ ಕಾಲ ಬೇರೆ. ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕ ದಿನ ಮನೆಯಲ್ಲಿರಲೇಬೇಕು.

ಡಾಕ್ಟರ್ ವಾದ ಮಾಡಲಿಲ್ಲ. ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ರಕ್ತದಲ್ಲೋ ಪಿತ್ತಕೋಶದಲ್ಲೋ ಇರಬಹುದು, ಗ್ರಂಥಿಗೆ ಬಂದಿದ್ದು ಅದರ ಸೂಚನೆ, ಆಪರೇಶನ್ ಆಗಿ ಆರರಿಂದ ಎಂಟು ವಾರದೊಳಗೆ ಶುರುಮಾಡಬೇಕು ಅಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ತಿರುಗಿ, 'ಕೊಳೆ ಬಂದ ಕೊನೆ ಇಳಿಸಿರೆ ಸಾಕಾಗ್ತಿಲ್ಲೆ, ಉಳಿದ ಮರಕ್ಕೂ ಮದ್ದು ಹೊಡಿತ್ಯ, ಹಂಗೆ ಅಲ್ದಾ?' ಅಂದ. ಮೈಲುತುತ್ತ, ಸುಣ್ಣ ಕಲಸಿ ನಲವತ್ತು ಮಳೆಗಾಲ ಕಳೆದವನು. ನಾನು ನಾಲ್ಕು ದಿನ ಹೇಳಿ ಅರ್ಥ ಮಾಡಿಸಲಾಗದ್ದನ್ನು ತಾನೇ ಒಂದು ಮಾತಿನಲ್ಲಿ ಮುಗಿಸಿದ.

ಎಷ್ಟು ತಿಂಗಳು ಅನ್ನುವುದನ್ನೂ ಸ್ಟೇಜೇ ನಿರ್ಧರಿಸಿತು. ಮೊದಲೆಲ್ಲ ಮೂರನೇ ಸ್ಟೇಜಿನವರಿಗೆಲ್ಲ ಆರು ತಿಂಗಳು ಕೊಡುತ್ತಿದ್ದರು. 2018ರಲ್ಲಿ, ಆರು ಪ್ರಯೋಗಗಳ 12 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕೂಡಿಸಿ ನೋಡಿದಾಗ, ಟಿ3ರವರೆಗೆ ಇದ್ದು ಎನ್1 ಆದವರಿಗೆ ಒಂದು ಬಗೆಯ ಕೀಮೋ ಮೂರೇ ತಿಂಗಳು ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಗುಣ ಅಂತ ಗೊತ್ತಾಯಿತು. ದೊಡ್ಡಪ್ಪ ಆ ಗುಂಪಿನವನು. ಮೂರು ವಾರಕ್ಕೊಮ್ಮೆ ಒಂದು ಡ್ರಿಪ್, ಆಮೇಲೆ 14 ದಿನ ಮಾತ್ರೆ, ಒಂದು ವಾರ ಬಿಡುವು. ಇಂಥ ನಾಲ್ಕು ಸುತ್ತು.

ಆ ಡ್ರಿಪ್ಪಿನ ಔಷಧಿಯಿಂದ ತಣ್ಣಗಿನದ್ದು ಮುಟ್ಟಿದರೆ ಬೆರಳಿಗೆ ಶಾಕ್ ಹೊಡೆದಂತೆ ಆಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ನಮ್ಮ ಜನವರಿ ಚಳಿಯಲ್ಲಿ ಬೆಳಿಗ್ಗೆ ನಲ್ಲಿ, ಕೊಡಪಾನ, ಬಾಗಿಲ ಚಿಲಕ ಎಲ್ಲವೂ ಮಂಜುಗಡ್ಡೆ. ದೊಡ್ಡಾಯಿ ಬಚ್ಚಲ ಒಲೆ ಆರದಂತೆ ನೋಡಿಕೊಂಡಳು, ಉಣ್ಣೆಯ ಕೈಗವಸು ತಂದಿಟ್ಟಳು. ದೊಡ್ಡಪ್ಪ ಅದನ್ನು ಹಾಕಿಕೊಂಡೇ ಅಂಗಳದಲ್ಲಿ ಕೂತು ಕೊಯ್ಲಿನ ಲೆಕ್ಕ ಬರೆದ. ಡ್ರಿಪ್ಪಿನ ಹಿಂದಿನ ದಿನ ಯಲ್ಲಾಪುರದಲ್ಲಿ ಅತ್ತೆ ಮನೆ ವಸ್ತಿ, ಬೆಳಿಗ್ಗೆ ಕಲಘಟಗಿ ಮೇಲೆ ಹುಬ್ಬಳ್ಳಿ. ಮಾರ್ಚಿನಲ್ಲಿ ಮುಗಿಯಿತು. ಆ ವರ್ಷ ಶಿರಸಿ ಮಾರಿಕಾಂಬಾ ಜಾತ್ರೆ ಇತ್ತು. ಕಾಲ್ಬೆರಳು ಮರಗಟ್ಟಿದ್ದರೂ ನಡೆದೇ ಬಂದು ಅಮ್ಮನವರ ದರ್ಶನ ಮಾಡಿದ.

ದಾರಿಯ ಬಗ್ಗೆ ಒಂದು ಮಾತು. ಇಷ್ಟು ದೊಡ್ಡ ನಮ್ಮ ಜಿಲ್ಲೆಯಿಂದ ಗಂಭೀರ ಕಾಯಿಲೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಬೆಂಗಳೂರಿನ ಕಿದ್ವಾಯಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗೆದ್ದಿತ್ತು, ನೆನಪಿರಬಹುದು. ಕಾರಿದ್ದವರಿಗೇ ಇಷ್ಟು ಕಷ್ಟ. ಕೂಲಿ ಬಿಟ್ಟು ಬಸ್ಸಿನಲ್ಲಿ ಹೋಗಬೇಕಾದವರು ಎರಡನೇ ಸುತ್ತಿಗೇ ಕೀಮೋ ಬಿಟ್ಟರೆ ಆಶ್ಚರ್ಯವೇನು? 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30. ಚಿಕಿತ್ಸೆ ಶುರುಮಾಡುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ನಮ್ಮಪ್ಪ

ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಹೆಚ್ಚು, ಅವರೂ ಕೊಲೊನೊಸ್ಕೋಪಿ ಮಾಡಿಸಬೇಕು ಅಂತ ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅಪ್ಪ 'ಎಂಗೆ ಎಂತಾ ಆಜಿಲ್ಲೆ' ಅನ್ನುತ್ತಲೇ ಒಂದು ವರ್ಷ ತಳ್ಳಿದ. ನಮ್ಮ ದೇಶದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇದೆ, ಕರುಳಿನದ್ದಿಲ್ಲ. ಅಮೆರಿಕದಲ್ಲಿ ಯಾವ ತೊಂದರೆ ಇಲ್ಲದವರಿಗೂ 45ರಿಂದ ಪರೀಕ್ಷೆ ಮಾಡಿಸಿ ಅಂತ 2021ರಿಂದ ಹೇಳುತ್ತಿದ್ದಾರೆ. ಇಲ್ಲಿ ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಕೊನೆಗೆ ದೊಡ್ಡಪ್ಪನೇ ತನ್ನ ವರ್ಷದ ಕೊಲೊನೊಸ್ಕೋಪಿಗೆ ಹೋಗುವಾಗ ತಮ್ಮನನ್ನೂ ಎಬ್ಬಿಸಿಕೊಂಡು ಹೋದ. ಅಣ್ಣನಿಗೆ ಎಲ್ಲಾ ಸರಿ ಇತ್ತು. ತಮ್ಮನ ಕರುಳಿನಲ್ಲಿ ಎರಡು ಪಾಲಿಪ್. ಅಲ್ಲೇ, ಅದೇ ಹೊತ್ತಿಗೆ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ವರ್ಷಗಳ ನಂತರ ಆಗಬಹುದಾಗಿತ್ತು. ಅದಕ್ಕೆ ಯಾವ ಸ್ಟೇಜೂ ಇಲ್ಲ. ಮೂರು ವರ್ಷ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ.

ದೊಡ್ಡಪ್ಪನಿಗೆ ಮೂರು ತಿಂಗಳಿಗೊಮ್ಮೆ ಸಿಇಎ ಅಂತ ರಕ್ತಪರೀಕ್ಷೆ ಇತ್ತು, ಈಗ ಆರು ತಿಂಗಳಿಗೊಮ್ಮೆ ಆಗಿದೆ. ಐದು ವರ್ಷ ನೋಡಬೇಕು. ಫಲಿತಾಂಶ ಬರುವ ಹಿಂದಿನ ರಾತ್ರಿ ದೊಡ್ಡಾಯಿ ಇವತ್ತಿಗೂ ನಿದ್ದೆ ಮಾಡುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ವರದಿ ಬಂದರೆ ಡಾಕ್ಟರಿಗೆ ಇಷ್ಟು ಕೇಳಿ: ಟಿ, ಎನ್, ಎಂ ಎಷ್ಟು? ಎಷ್ಟು ಗ್ರಂಥಿ ನೋಡಿದ್ದೀರಿ, ಎಷ್ಟರಲ್ಲಿ ಇದೆ? ಎಂಎಂಆರ್ ಪರೀಕ್ಷೆ ಆಗಿದೆಯಾ? ಗುದನಾಳದ್ದಾದರೆ ಎಂಆರ್‌ಐ ಆಗಿದೆಯಾ? ಕೀಮೋ ಬೇಕಾ, ಯಾವತ್ತಿನೊಳಗೆ ಶುರುಮಾಡಬೇಕು? ಉತ್ತರವನ್ನು ಬರೆದಿಟ್ಟುಕೊಳ್ಳಿ. ವರದಿಯ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಕೇಳಿದರೆ ಡಾಕ್ಟರ್ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡಿ, ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಮತ್ತೆ, ರಕ್ತ ಕಂಡರೆ ಮುರುಗಲು ಸಾರು ಕುಡಿಯಿರಿ, ಬೇಡ ಅನ್ನುವುದಿಲ್ಲ. ಕುಡಿದು ಡಾಕ್ಟರ ಹತ್ತಿರ ಹೋಗಿ.